ಸೋಮವಾರದ ಟ್ರ್ಯಾಕ್ಟರ್

ಕಾಲುವೆಗೆ ನೀರು ಬಂದ ಹೊಸದು. ತುರ್ವಿಹಾಳದ ಹತ್ತಿರ ಭತ್ತ ತುಂಬಿದ ನನ್ನ ಲಾರಿಯ ಹಿಂದಿನ ಗಾಲಿ ಹಸಿ ಎರೆಮಣ್ಣಿನಲ್ಲಿ ಹೂತು, ಲಾರಿ ಕಾಲುವೆ ಕಡೆ ವಾಲತೊಡಗಿತು. ಪಕ್ಕದ ಹೊಲದ ಬೇವಿನ ನೆರಳಲ್ಲಿ, ಮೂತಿಗೆ ವಿಭೂತಿ ಹಚ್ಚಿಸಿಕೊಂಡು ಟ್ರ್ಯಾಕ್ಟರೊಂದು ನಿಂತಿತ್ತು. ಅದರ ಒಡೆಯ ಗೌಡರ ಹತ್ತಿರ ಓಡಿದೆ.

“ಇವತ್ತು ಸೋಮವಾರ, ಬಸವಣ್ಣನ ದಿನ. ಹೂಡಂಗಿಲ್ಲ,” ಅಂದರು.

“ಅದು ಎತ್ತಿಗಿ ರೀ ಗೌಡ್ರ! ಇದು ಇಂಜಿನ್!”

“ಒಳಗ ಎರಡು ಸಿಲಿಂಡರ್ ಅದಾವ, ಎತ್ತಿನ ಜೋಡಿ ಇದ್ದಂಗ. ದುಡಿಯೋದಕ್ಕ ವಾರಕ್ಕೊಂದಿನ ರಜಾ ಬ್ಯಾಡೇನು?”

ಅಷ್ಟರಲ್ಲಿ ದಂಡೆ ಕುಸಿದು, ಮೇಲಿನ ಚೀಲವೊಂದು ನೀರಿಗೆ ಬಿತ್ತು. ಗೌಡರು “ತಪ್ಪಾತು ಬಸವಣ್ಣ” ಎಂದು ಟ್ರ್ಯಾಕ್ಟರಿಗೆ ಕೈಮುಗಿದು ಹತ್ತಿ ಕೂತರು. ನಾನು ಲಾರಿಯ ಸ್ಟೇರಿಂಗ್ ಹಿಡಿದೆ. ಎರಡಕ್ಕೂ ಕಟ್ಟಿದ ಸರಪಳಿ ಬಿಗಿಯಾಯಿತು. ಡುಗ್ ಡುಗ್ ಸದ್ದು ನಿಧಾನವಾಗುತ್ತಾ, ಇನ್ನೇನು ನಿಂತೇಹೋಯಿತು ಅನ್ನುವಾಗ ಟ್ರ್ಯಾಕ್ಟರಿನ ಮುಂಗಾಲಿಗಳು ನೆಲ ಬಿಟ್ಟು ಎದ್ದವು. “ಹೋ ನನ್ನಪ್ಪ, ಹೋ!” ಗೌಡರು ಕೂಗಿದರು. ಗಾಲಿಗಳು ಇಳಿದವು, ಲಾರಿ ಒಂದೇ ಜಗ್ಗಿಗೆ ಮೇಲೆ ಬಂತು.

ಮರುದಿನ ಖಾಲಿ ಲಾರಿಯಲ್ಲಿ ವಾಪಸ್ ಬರುವಾಗ ನೋಡಿದೆ. ನಿನ್ನೆ ತಪ್ಪಿದ ರಜೆಯನ್ನು ಟ್ರ್ಯಾಕ್ಟರ್ ಬೇವಿನಡಿ ತೀರಿಸಿಕೊಳ್ಳುತ್ತಿತ್ತು. ಅದರ ಬದಲಿಗೆ ಗೌಡರ ಎತ್ತುಗಳು ರಂಟೆ ಎಳೆದು ಹೊಲ ಉಳುತ್ತಿದ್ದವು. ಹಾರ್ನ್ ಹೊಡೆಯದೆ ಮೆಲ್ಲಗೆ ದಾಟಿದೆ. ಆದರೂ ಎರಡೂ ಎತ್ತುಗಳು ತಲೆಯೆತ್ತಿ ನನ್ನನ್ನೇ ದುರುಗುಟ್ಟಿ ನೋಡಿದವು.