ಏಳದ ಗುಳ್ಳೆ

ಹೈದರಾಬಾದಿನ ಕಡೆಯ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಯಂಕಣ್ಣನಿಗೆ ಮೈಲಿ ಹಾಕುವ ನೌಕರಿ ಸಿಕ್ಕಿತು. ಸಿಡುಬಿಗೆ ಆ ಕಡೆ ಮೈಲಿಬ್ಯಾನಿ ಎನ್ನುತ್ತಾರೆ. ಅದು ಬಾರದಿರಲೆಂದು ಕೂಸುಗಳ ರಟ್ಟೆ ಗೀರಿ ಔಷಧ ಹಚ್ಚುವುದು ಅವನ ಕೆಲಸ. ಕುರಿ ಕಾಯುವ ಮನೆತನದಲ್ಲಿ ಉರ್ದು ಸಾಲೆಗೆ ಹೋಗಿ, ಆಮೇಲೆ ಕನ್ನಡವನ್ನೂ ಬರೆಯಲು ಕಲಿತವನು ಅವನೊಬ್ಬನೇ. ಮೊದಲು ಆ ಕೆಲಸದಲ್ಲಿದ್ದ ಲಾಡ್ಲೇಸಾಬ ವಯಸ್ಸಾಯಿತೆಂದು ಬಿಟ್ಟು, ಸುರಪುರದ ತನ್ನ ಮನೆಗೆ ಹೋಗಿ ಕೂತಿದ್ದ.

ಮೊದಲ ದಿನ ಶಹಾಪುರದ ಕಚೇರಿಯ ಗುಮಾಸ್ತ ಒಂದು ತಗಡಿನ ಪೆಟ್ಟಿಗೆ ಮುಂದಿಟ್ಟ. ಅದರೊಳಗೆ ತಿರುಗಿಸಿ ಗೀರುವ ಸೂಜಿ, ದೀಪ, ಔಷಧದ ಗಾಜಿನ ನಳಿಗೆಗಳು, ಮೇಲೊಂದು ದಫ್ತರ. ಹ್ಯಾಂಗ ಮಾಡೋದ್ರಿ ಅಂತ ಯಂಕಣ್ಣ ಕೇಳಿದ. ಗುಮಾಸ್ತ ತಲೆಯೆತ್ತದೆ ಅಂದ:

"ಕಲಿಸೋದೇನದ ಇದ್ರಾಗ? ಗೀರೋದು, ಹಚ್ಚೋದು, ಬರಕೊಳ್ಳೋದು. ಕುರಿ ಉಣ್ಣಿ ಕತ್ತರಿಸಿದ ಕೈಗೆ ಇಷ್ಟೂ ಬರಾಂಗಿಲ್ಲೇನು?"

ಲಾಡ್ಲೇಸಾಬರನ್ನು ಕೇಳಿ ಬರಲೇ ಅಂದರೆ, ಅವರದು ಹಳೇ ಸರ್ಕಾರದ ಪದ್ಧತಿ, ಅದು ಮುಗೀತು ಅಂದ. ಶಹಾಪುರದ ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸು ನಿಂತೇ ಇತ್ತು. ಯಂಕಣ್ಣ ಅದರ ಬಾಗಿಲ ತನಕ ಹೋದ. ಹೊಸ ನೌಕರಿಯವನು ಹಳಬನ ಮನೆ ಬಾಗಿಲಿಗೆ ನಿಂತರೆ ಜನ ಏನಂದಾರು ಎಂದು ಹಿಂದಕ್ಕೆ ಬಂದು ಕೊಂಕಲ್ಲಿನ ದಾರಿ ಹಿಡಿದ. ಮುಂದೆ ಎಷ್ಟೋ ವರ್ಷ ಅವನು ಆ ಬಸ್ಸನ್ನು ಮನಸ್ಸಿನಲ್ಲೇ ಹತ್ತುತ್ತಿದ್ದ.

ಕೊಂಕಲ್ಲಿನ ಆಚೆ ಅವನದೇ ಬಳಗದ ಕುರಿಗಾರರ ಹಟ್ಟಿ. ಅವನ ಅಕ್ಕ ರೇಣಮ್ಮನನ್ನು ಕೊಟ್ಟದ್ದೂ ಅಲ್ಲಿಗೇ. ಲಾಡ್ಲೇಸಾಬ ಬಂದನೆಂದರೆ ಹಟ್ಟಿಯ ಹೆಂಗಸರು ಕೂಸುಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕುರಿದೊಡ್ಡಿಯ ಹಿಂದೆ ಅಡಗುತ್ತಿದ್ದರು. ಅವನು ಗೀರಿದ ಕೂಸಿಗೆ ಜ್ವರ ಬರುತ್ತದೆ, ರಟ್ಟೆ ಬಾಯುತ್ತದೆ, ಎಂಟನೆಯ ದಿನಕ್ಕೆ ಗುಳ್ಳೆ ಎದ್ದು ಕೀವಾಗುತ್ತದೆ ಎಂದು ಅವರ ಭಯ. ಹಡೆದವಳ ಜೀವ ಅದು. ಮುಂದೆ ಬರುವ ರೋಗಕ್ಕಿಂತ ಇವತ್ತಿನ ಅಳುವೇ ಅದಕ್ಕೆ ದೊಡ್ಡದು. ಈಗ ಸೂಜಿ ಹಿಡಿದು ಬಂದವನು ತಮ್ಮವನೇ. ಎಲ್ಲರಿಗಿಂತ ಮೊದಲು ರೇಣಮ್ಮ ತನ್ನ ಎಂಟು ತಿಂಗಳ ಮಗಳು ಮಾನಮ್ಮನನ್ನು ಅವನ ತೊಡೆಯ ಮೇಲೆ ಹಾಕಿದಳು. ಹೊಸದಾಗಿ ಹುಟ್ಟಿದ ಎರಡು ಹಲ್ಲು ತೋರಿಸಿ ಕೂಸು ಅವನ ಮೀಸೆಗೆ ಕೈ ಹಾಕಿತು.

ಗೀರಿದ ಕಡೆ ಎಳ್ಳುಕಾಳಿನಷ್ಟು ನೆತ್ತರು ಮೂಡಿತು. ರೇಣಮ್ಮನ ಅತ್ತೆ ಹಣಮಮ್ಮ ಅರಿಷಿಣ, ಬೇವಿನೆಣ್ಣೆ ಕಲಸಿ ತಂದೇ ನಿಂತಿದ್ದಳು. ಉಣ್ಣೆ ಕತ್ತರಿಸುವಾಗ ಕುರಿಯ ಮೈ ಗೀರಿದರೆ ಆ ಹಟ್ಟಿಯಲ್ಲಿ ಹಚ್ಚುವುದು ಅದನ್ನೇ.

"ರಗತಾ ಕಂಡ ಮ್ಯಾಲ ಹಾಂಗ ಬಿಡಬಾರದಪ್ಪ."

ಯಂಕಣ್ಣನಿಗೂ ಅದು ಸರಿ ಅನ್ನಿಸಿತು. ಅವಳ ಬಟ್ಟಲು ಇಸಿದುಕೊಂಡು ಔಷಧ ಒರೆಸಿ, ತಾನೇ ಅರಿಷಿಣ ಹಚ್ಚಿದ. ಇಪ್ಪತ್ತಮೂರು ಕೂಸುಗಳಿಗೂ ಹಾಗೇ ಮಾಡಿ, ದಫ್ತರದಲ್ಲಿ ಇಪ್ಪತ್ತಮೂರು ಹೆಸರು ಬರೆದ.

ಯಾವ ಕೂಸಿಗೂ ಜ್ವರ ಬರಲಿಲ್ಲ, ಯಾವ ರಟ್ಟೆಯೂ ಬಾಯಲಿಲ್ಲ. ಹೆಂಗಸರು ಅವನ ಕೈಗುಣ ಹೊಗಳಿದರು. ಲಾಡ್ಲೇಸಾಬಗ ಕಸಬ ಗೊತ್ತಿರಲಿಲ್ಲ ಅಂತ ನಕ್ಕರು. ಯಂಕಣ್ಣನೂ ನಕ್ಕ.

ಯುಗಾದಿಯ ಹೊತ್ತಿಗೆ ಹಟ್ಟಿಗೆ ಮೈಲಿಬ್ಯಾನಿ ಬಂತು. ಮೊದಲು ಬಿದ್ದದ್ದು ಮಾನಮ್ಮ. ಮೈಲಿ ಹಾಕಿದ ಕೂಸಿಗೆ ಮೈಲಿ ಹ್ಯಾಂಗ ಬಂತು ಅಂತ ರೇಣಮ್ಮ ಒಂದೇ ಸಮ ಕೇಳುತ್ತಿದ್ದಳು. ಯಂಕಣ್ಣ ಆವತ್ತು ಸುರಪುರದ ಬಸ್ಸು ಹತ್ತಿದ.

ಲಾಡ್ಲೇಸಾಬ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ.

"ಗುಳ್ಳಿ ಎದ್ದಿತ್ತೇನು, ಬೇಟಾ?"

"ಇಲ್ರಿ ಸಾಬ್. ಒಂದೂ ಏಳಲಿಲ್ರಿ. ಛಲೋ ಆತಂತ ಎಲ್ಲಾರೂ..."

ಮುದುಕ ಅವನನ್ನು ಹೊರಸಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡ.

"ಗುಳ್ಳಿ ಎದ್ರನ ಹಾಕಿದ ಮೈಲಿ ಹತ್ತಿದಂಗ. ಏಳದಿದ್ರ ಇನ್ನೊಮ್ಮೆ ಗೀರಬೇಕು. ಹಚ್ಚಿದ್ದು ತಾನಾಗೇ ಒಣಗಬೇಕು, ಅರಿಷಿಣ ಗಿರಿಷಿಣ ತಾಕಿಸಬಾರದು. ನೀ ಬಂದು ಕೇಳ್ತಿ ಅಂತ ನಾ ಇಲ್ಲೇ ಕುಂತಿದ್ದೆ."

ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಯಂಕಣ್ಣ ಆಮೇಲೆ ಹೇಳುತ್ತಿದ್ದ. ಬೈಯದೆ, ಬಿಸಿಲಿಗೆ ಔಷಧ ಕೆಡದಂತೆ ನಳಿಗೆಗಳನ್ನು ತಣ್ಣಗಿಡುವ ಬಗೆಯನ್ನೂ ಹೇಳಿಕೊಟ್ಟು, ಒದ್ದೆ ಬಟ್ಟೆ ಸುತ್ತಿದ ತನ್ನ ಮಣ್ಣಿನ ಕೊಡವನ್ನೇ ಕೊಟ್ಟು ಕಳಿಸಿದ.

ಹಟ್ಟಿಗೆ ಮರಳಿ, ತಪ್ಪು ತನ್ನದೆಂದು ಪ್ರತಿ ಬಾಗಿಲಿಗೂ ನಿಂತು ಹೇಳಿದ. ಕೆಲವರು ಬಾಗಿಲು ಹಾಕಿಕೊಂಡರು. ಮರುದಿನ ಬೆಳಗ್ಗೆ ಹಣಮಮ್ಮ ಅರಿಷಿಣದ ಬಟ್ಟಲನ್ನು ಎಲ್ಲರೆದುರು ಬೋರಲು ಹಾಕಿ, ಕೂಸುಗಳನ್ನು ತರ್ರಿ ಅಂದಳು. ಈ ಸಲ ರಟ್ಟೆಗಳು ಬಾತವು, ಕೂಸುಗಳು ಅತ್ತವು, ಎಂಟನೆಯ ದಿನ ಗುಳ್ಳೆ ಎದ್ದವು. ಯಂಕಣ್ಣ ಒಂದೊಂದನ್ನೂ ನೋಡಿ ಬಂದ. ಆಮೇಲೆ ನೌಕರಿ ಇರುವ ತನಕ ಯಾವ ಊರಿಗೆ ಹೋದರೂ ಎಂಟನೆಯ ದಿನ ಮತ್ತೆ ಹೋಗುವುದನ್ನು ಅವನು ಬಿಡಲಿಲ್ಲ.

ಮಾನಮ್ಮ ಉಳಿದಳು. ಎರಡೂ ಕಣ್ಣು ಹೋದವು. ರೇಣಮ್ಮ ತಮ್ಮನೊಡನೆ ಜಗಳವಾಡಲಿಲ್ಲ. ಒಮ್ಮೆ ಮಾತ್ರ, ಮಗಳಿಗೆ ತುತ್ತು ಹಾಕುತ್ತ, ಅವನ ಕಡೆ ನೋಡದೆ ಅಂದಳು:

"ಒಂದು ಬಸ್ಸಿನ ಹಾದಿ ಇತ್ತಲ್ಲೋ ತಮ್ಮಾ."

ಮಾನಮ್ಮ ದೊಡ್ಡವಳಾದಳು. ಮಾಮನನ್ನು ಹೆಜ್ಜೆ ಸಪ್ಪಳದಿಂದಲೇ ಗುರುತು ಹಿಡಿಯುತ್ತಿದ್ದಳು. ಮದುವೆಯಾಗಿ ಹೆಣ್ಣು ಹಡೆದಾಗ ಆ ಕೂಸಿಗೆ ಮೈಲಿ ಹಾಕಲು ಮಾಮನೇ ಬರಬೇಕೆಂದು ಹಟ ಹಿಡಿದಳು. ತಲೆ ನರೆತ ಯಂಕಣ್ಣ ಬಂದು ಹಾಕಿದ. ಗುಳ್ಳೆ ಎದ್ದು, ಒಣಗಿ, ಹೊಪ್ಪಳೆ ಉದುರಿದ ಮೇಲೆ ಮತ್ತೆ ಬಂದ. ಮಾನಮ್ಮ ಕೈ ಚಾಚಿದಳು. ಅವನು ಅವಳ ಬೆರಳು ಹಿಡಿದು ಕೂಸಿನ ರಟ್ಟೆಯ ಗುಳಿಯ ಮೇಲೆ ಇಟ್ಟ. ಅವಳು ಅದನ್ನು ಮತ್ತೆ ಮತ್ತೆ ಸವರಿದಳು. ಆಮೇಲೆ ಅದೇ ಬೆರಳನ್ನು ತನ್ನ ರಟ್ಟೆಯ ಮೇಲೆ, ಕಲೆ ಇಲ್ಲದ ಜಾಗಕ್ಕೆ ತಂದಳು.

"ನನಗೂ ಇಲ್ಲಿ ಹಿಂಗ ಆಗಬೇಕಿತ್ತೇನು ಮಾಮಾ?"

"ಹೌದವ್ವಾ," ಅಂದ ಯಂಕಣ್ಣ. "ಆಗಬೇಕಿತ್ತು."