ಮೂರನೆಯ ಪುಟವನ್ನು ಯಾರೂ ಓದಲಿಲ್ಲ

ರಾಗಿ ಕೊಯ್ಯುವ ಯಂತ್ರದ ಸರದಿಯಿಂದ ಪಂಚನಹಳ್ಳಿಯ ಹೆಂಗಸೊಬ್ಬರ ಹೆಸರನ್ನು ಅಳಿಸಿದವರು ಇಬ್ಬರು: ಮೂರು ತಾಲ್ಲೂಕುಗಳಿಗೆ ಯಂತ್ರ ಬಾಡಿಗೆಗೆ ಕೊಡುವ ರೈತ ಸಂಘದ ಕಾರ್ಯದರ್ಶಿ, ಮತ್ತು ಆ ಸಂಘಕ್ಕೆ ಬುಕಿಂಗ್ ಆ್ಯಪ್ ಮಾಡಿಕೊಟ್ಟ ಕಡೂರಿನ ನಮ್ಮ ಕಚೇರಿಯ ಯಜಮಾನರು. ಇಬ್ಬರೂ ಈಗ ಕಂಪ್ಯೂಟರಿನ ಕಡೆ ಬೆರಳು ತೋರಿಸುತ್ತಿದ್ದಾರೆ. ಆ ಕಂಪ್ಯೂಟರಿನ ಮುಂದೆ ಕೂತಿದ್ದವಳು ನಾನು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಅಜ್ಜಂಪುರದಿಂದ ಬೆಳಗಿನ ರೈಲಿಗೆ ಬಂದು ಸಂಜೆ ಮರಳುವ ಕೆಲಸ ನನ್ನದು. ಕೋಡನ್ನು ಈಗ ನಾವು ಕೈಯಾರೆ ಬರೆಯುವುದು ಕಡಿಮೆ. ಎಐ ಏಜೆಂಟ್ ಬರೆಯುತ್ತದೆ. ಆದರೆ ಬರೆಯುವ ಮೊದಲು ಅದರಿಂದ ಒಂದು ಯೋಜನೆ ಕೇಳಬಹುದು. ಏನನ್ನು ಬದಲಿಸುತ್ತೇನೆ, ಏನನ್ನು ಮುಟ್ಟುವುದಿಲ್ಲ, ಯಾವುದು ನನಗೆ ಖಚಿತವಿಲ್ಲ ಎಂದು ಅದು ಬರೆದು, ಒಪ್ಪಿಗೆಗಾಗಿ ಕಾಯುತ್ತದೆ. ಕಚೇರಿಯಲ್ಲಿ ಈ ಪದ್ಧತಿ ಇರಲೇಬೇಕೆಂದು ಹಟ ಹಿಡಿದವಳು ನಾನೇ.

ಕೊಯ್ಲಿಗೆ ಮುಂಚೆ ಸಂಘದಿಂದ ಒಂದು ಬೇಡಿಕೆ ಬಂತು. ಕೆಲವರು ಎರಡೆರಡು ಸಲ ಹೆಸರು ಬರೆಸಿ ಸರದಿ ಹಿಡಿಯುತ್ತಿದ್ದಾರೆ, ಒಬ್ಬರಿಗೆ ಒಂದೇ ಸರದಿ ಉಳಿಯುವಂತೆ ಮಾಡಿ ಎಂದು. ಏಜೆಂಟ್ ನಾಲ್ಕು ಪುಟದ ಯೋಜನೆ ಕೊಟ್ಟಿತು. ಅದರ ಮೂರನೆಯ ಪುಟದಲ್ಲಿ ಹೀಗಿತ್ತು: ಜಮೀನಿನ ಖಾತೆ ಸಂಖ್ಯೆಯನ್ನೇ ವ್ಯಕ್ತಿಯ ಗುರುತೆಂದು ಭಾವಿಸುತ್ತೇನೆ; ಒಂದೇ ಖಾತೆಯ ಜಮೀನನ್ನು ಹಲವರು ಬೇರೆ ಬೇರೆಯಾಗಿ ಉಳುವ ರೂಢಿ ಇದ್ದರೆ ಈ ನಿಯಮ ತಪ್ಪಾಗುತ್ತದೆ; ಊರು ಬಲ್ಲವರು ತಿಳಿಸಬೇಕು.

ನಮ್ಮ ಕಡೆ ಇದಕ್ಕೆ ಉತ್ತರ ಗೊತ್ತಿಲ್ಲದವರು ಯಾರು? ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಖಾತೆ ತಾತನ ಹೆಸರಿನಲ್ಲೇ ಇರುತ್ತದೆ. ಅಣ್ಣತಮ್ಮಂದಿರು ಬದು ಹಾಕಿಕೊಂಡು ಬೇರೆ ಬೇರೆ ಉಳುತ್ತಾರೆ. ನಮ್ಮ ಮನೆಯ ಜಮೀನಿನ ಕಥೆಯೂ ಅದೇ. ಆದರೂ ಉತ್ತರ ಸಂಘದಿಂದಲೇ ಬರಲಿ, ಬರಹದಲ್ಲಿ ಬರಲಿ ಎಂದು ನಾನು ನಾಲ್ಕೂ ಪುಟಗಳನ್ನು ಕನ್ನಡಕ್ಕೆ ತಂದು, ಉತ್ತರಕ್ಕೆ ಜಾಗ ಬಿಟ್ಟು, ಮುದ್ರಿಸಿಕೊಂಡು ಹೋದೆ.

ಕಾರ್ಯದರ್ಶಿ ಕಾಗದವನ್ನು ನೇರ ಕೊನೆಯ ಪುಟಕ್ಕೆ ಮಗುಚಿದರು. ತಾಲ್ಲೂಕಿನಲ್ಲಿ ಮಹಜರಿಗೆ ಪಂಚರು ರುಜು ಹಾಕುವ ರೀತಿ ನೋಡಿದವರಿಗೆ ಆ ಮಗುಚುವಿಕೆ ಪರಿಚಿತ: ಮೇಲೆ ಏನಿದೆಯೆಂದು ಯಾರೂ ಕೇಳುವುದಿಲ್ಲ.

"ಎಲ್ಲವ್ವಾ ಹಾಕ್ಲಿ ಸೈನು?"

ಮೂರನೆಯ ಪುಟದಲ್ಲಿ ನಿಮಗೊಂದು ಪ್ರಶ್ನೆಯಿದೆ, ಓದಿ ಉತ್ತರ ಬರೆಯಬೇಕು ಎಂದೆ.

"ಇದ್ನೆಲ್ಲಾ ಓದ್ತಾ ಕೂತ್ರೆ ಹೊತ್ತು ಮುಳುಗ್ತದೆ ಕಣಮ್ಮ. ಕಂಪ್ಯೂಟ್ರೇ ಬರ್ದಿರೋದಲ್ವಾ, ಅದಕ್ಕೆ ಗೊತ್ತಿರ್ತದೆ ಬಿಡು."

ಗೊತ್ತಿಲ್ಲವೆಂದೇ ಅದು ಕೇಳಿತ್ತು. ಅವರು ರುಜು ಹಾಕಿ, ಮೊಹರು ಒತ್ತಿ, ಟೀ ತರಿಸಿದರು. ನಾನು ಕುಡಿದೆ. ಕಚೇರಿಗೆ ಬಂದು, ಉತ್ತರದ ಜಾಗ ಖಾಲಿ ಇದೆ, ಒಂದು ದಿನ ತಡೆಯೋಣ ಎಂದು ಯಜಮಾನರಿಗೆ ಹೇಳಿದೆ. ರುಜು ಬಿದ್ದ ಮೇಲೆ ನಮ್ಮದೇನಿದೆ, ನಾಳೆಯೇ ಹೊಸ ಪಟ್ಟಿ ಹೊರಡಬೇಕು ಎಂದು ನನ್ನ ಕುರ್ಚಿಯ ಹಿಂದೆ ನಿಂತೇ ಒಪ್ಪಿಗೆಯ ಗುಂಡಿ ಒತ್ತಿದರು. ಏಜೆಂಟ್ ಹೇಳಿದ್ದನ್ನು ಹೇಳಿದಂತೆಯೇ ಮಾಡಿತು. ಊಟದ ಹೊತ್ತಿಗೆ ಕೋಡ್ ಸಿದ್ಧವಾಯಿತು, ಅದು ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳೆಲ್ಲ ಪಾಸಾದವು. ಆ ಪರೀಕ್ಷೆಗಳನ್ನು ಬರೆದದ್ದೂ ಅದೇ ತಪ್ಪು ನಿಯಮದ ಮೇಲೆ.

ಎರಡು ವಾರದ ನಂತರ ಆ ಹೆಂಗಸು ಪಂಚನಹಳ್ಳಿಯಿಂದ ಬಸ್ಸು ಹತ್ತಿ ನಮ್ಮ ಕಚೇರಿಗೇ ಬಂದರು. ಗಂಡ ತೀರಿಕೊಂಡ ಮೇಲೆ ತಮ್ಮ ಪಾಲಿನ ಹೊಲವನ್ನು ತಾವೇ ಮಾಡುತ್ತಿರುವವರು. ಸರದಿ ಸಿಕ್ಕಿದೆ ಎಂದು ಮೊದಲು ಬಂದಿದ್ದ ಮೆಸೇಜನ್ನು ಮೊಬೈಲಿನಲ್ಲಿ ಹಾಗೇ ಇಟ್ಟುಕೊಂಡಿದ್ದರು.

"ಮಿಷಿನ್ನು ನಮ್ ಭಾವನ ಹೊಲ ಕುಯ್ತು, ಬದಿನ ತಂಕ ಬಂತು, ತಿರುಗುಸ್ಕೊಂಡು ಹೋಯ್ತು. ಪಟ್ಟೀಲಿ ನಾನಿಲ್ವಂತೆ. ನಾನೆಲ್ಲಿ ಹೋದೆ, ಹೇಳವ್ವಾ?"

ಅತ್ತೆಯ ಮನೆಯ ಖಾತೆ ಒಂದೇ. ಅವರ ಭಾವನ ಹೆಸರು ಉಳಿದಿತ್ತು, ಇವರದು ನಕಲೆಂದು ಅಳಿದಿತ್ತು. ಯಜಮಾನರು ಒಳಗಿನಿಂದ ಬಂದು, ಇದು ಎಐ ಮಾಡಿದ ತಪ್ಪು, ನಮ್ಮ ಕೈಯಲ್ಲಿಲ್ಲ ಎಂದರು.

"ಯಾರಪ್ಪ ಅದು? ಕರೀರಿ ಇಲ್ಲಿ, ನಾನೇ ಕೇಳ್ತೀನಿ."

ಯಾರೂ ಕರೆಯಲಿಲ್ಲ. ನಾನು ಅವರ ಹೆಸರನ್ನು ಅಲ್ಲೇ ಸರದಿಗೆ ಸೇರಿಸಿದೆ; ಆದರೆ ಯಂತ್ರ ಆಗಲೇ ಭತ್ತ ಕೊಯ್ಯಲು ಅಮೃತಾಪುರದ ಕಡೆ ಹೋಗಿತ್ತು. ಮೂರನೆಯ ದಿನ ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ಭಾನುವಾರ ಪಂಚನಹಳ್ಳಿಗೆ ಹೋದೆ. ಬದುವಿನ ಆಚೆ ಭಾವನ ಹೊಲದಲ್ಲಿ ಬರೀ ಕೂಳೆ. ಈಚೆ ರಾಗಿ ಪೂರ್ತಿ ಮಲಗಿತ್ತು. ತೆನೆ ಬಿಡಿಸಿದರೆ ಒಳಗೆ ಬಿಳಿ ಮೊಳಕೆ. ಅವರು ನನ್ನನ್ನು ಬಯ್ಯಲಿಲ್ಲ. ಇದ್ದಷ್ಟನ್ನು ಕುಡುಗೋಲಿನಲ್ಲಿ ಕೊಯ್ಯುತ್ತಿದ್ದರು, ದನಕ್ಕಾದರೂ ಆಗಲೆಂದು.

ಆ ಯೋಜನೆಯ ಕೊನೆಯಲ್ಲಿ, ತಯಾರಿಸಿದವರು ಎಂಬಲ್ಲಿ, ನನ್ನ ರುಜುವೂ ಇದೆ. ಉತ್ತರ ಗೊತ್ತಿದ್ದೂ ಖಾಲಿ ಜಾಗದ ಕಾಗದವನ್ನು ಯಜಮಾನರ ಕೈಗೆ ಕೊಟ್ಟದ್ದು ನನ್ನ ತಪ್ಪು. ಅದನ್ನು ಬರೆದು ಸಂಘಕ್ಕೆ ಸಲ್ಲಿಸಿದ್ದೇನೆ. ಅವರಿಬ್ಬರ ಬರಹ ಇನ್ನೂ ಬಂದಿಲ್ಲ.

ಆದ್ದರಿಂದ, ಕಾರ್ಯದರ್ಶಿಗಳೇ, ಯಜಮಾನರೇ, ಈ ಬರಹದ ಮೂಲಕ ವಿಧ್ಯುಕ್ತವಾಗಿ ಕೇಳುತ್ತಿದ್ದೇನೆ. ಪ್ರಶ್ನೆಯನ್ನು ಓದದೆ ಏಕೆ ಒಪ್ಪಿದಿರಿ ಎಂಬುದಕ್ಕೆ ಲಿಖಿತ ಉತ್ತರ ಕೊಡಿ. ಅದು ನನಗಲ್ಲ, ಪಂಚನಹಳ್ಳಿಯ ಆ ಮನೆಗೆ ತಲುಪಬೇಕು. ನಷ್ಟವನ್ನು ತುಂಬಿಕೊಡುವವರು ಯಾರೆಂಬುದೂ ಅದರಲ್ಲಿರಬೇಕು. ಇದೇ ನಿಯಮದಿಂದ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಅಳಿದ ಪ್ರತಿಯೊಂದು ಹೆಸರನ್ನೂ ಮುಂದಿನ ಕೊಯ್ಲಿಗೆ ಮುನ್ನ ಮರಳಿ ಸೇರಿಸಿ. ಇನ್ನು ಮುಂದೆ ಇಂಥ ಯಾವುದೇ ಯೋಜನೆಯನ್ನು ಸದಸ್ಯರ ಸಭೆಯಲ್ಲಿ ಕನ್ನಡದಲ್ಲಿ ಓದಿ, ಅದು ಕೇಳುವ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ದಾಖಲಿಸದೆ, ಒಂದು ಸಾಲು ಕೋಡನ್ನೂ ಬರೆಯಿಸಕೂಡದೆಂದು ಠರಾವು ಮಾಡಿ ಪ್ರಕಟಿಸಿ.