ಬೀಸುವ ಕಲ್ಲಿನ ಆಚೆ ಬದಿ

ಊರವರು ನಿಮ್ಮನ್ನು ಬೇಡವೆಂದಿರಲಿಲ್ಲ, ಗಂಗವ್ವ. ಆ ಮಾತನ್ನು ಹುಟ್ಟಿಸಿದವನು ನಾನು.

ಇಷ್ಟು ಬರೆಯಲು ಇಷ್ಟು ವರ್ಷ ಹಿಡಿಯಿತು. ನೀವು ಇದ್ದೀರೋ ಇಲ್ಲವೋ — ಇದ್ದರೂ ಓದಲು ಬಾರದು. ಆದರೂ ನಿಮಗೇ ಬರೆಯುತ್ತಿದ್ದೇನೆ.

ನಿಜಾಮರ ಸೀಮೆಯ ಗಲಭೆಗೆ ಅಂಜಿ ಜನ ಹರಿಗೋಲು ಹತ್ತಿ, ಹೊಳೆ ದಾಟಿ ನಮ್ಮ ಕಂಪ್ಲಿಗೆ ಬರುತ್ತಿದ್ದ ಕಾಲ. ನಾನು ಮದರಾಸಿನಲ್ಲಿ ಬಿ.ಎ. ಮುಗಿಸಿ ಬಂದಿದ್ದೆ. ನಿರಾಶ್ರಿತರ ಶಿಬಿರದಲ್ಲಿ ಜೋಳ ಹಂಚುವ ಕೆಲಸ ನನ್ನದು. ಮನೆ ಸುಟ್ಟುಹೋಗಿ ನೀವು ಒಬ್ಬರೇ ಬಂದಿರಿ. ಎಂಟು ದಿನವೋ ಹತ್ತು ದಿನವೋ — ನನ್ನ ನೆನಪನ್ನು ನಾನು ನಂಬುವುದಿಲ್ಲ — ಯಾರೊಡನೆಯೂ ಮಾತಾಡಲಿಲ್ಲ. ಕೊಟ್ಟ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿ ಮರೆಯುತ್ತಿದ್ದಿರಿ.

ಶಿಬಿರದಲ್ಲಿ ಬೀಸುವ ಕಲ್ಲಿರಲಿಲ್ಲ. ಜೋಳ ಹಿಡಿದು ನಮ್ಮ ಮನೆಗೆ ಬಂದಿರಿ. ಒಬ್ಬಳೇ ಬೀಸುತ್ತಿದ್ದ ನಮ್ಮವ್ವ, "ಕುಂದ್ರವ್ವ, ಆ ಕಡಿ ಹಿಡಿ" ಅಂದಳು. ಒಂದೇ ಗೂಟಕ್ಕೆ ಇಬ್ಬರ ಕೈ. ನಾಲ್ಕನೆಯ ಬೆಳಗಿಗೋ ಏನೋ ನೀವು ಹಾಡಿದಿರಿ. ಆಮೇಲೆ ಉಂಡಿರಿ. ನಕ್ಕಿರಿ ಕೂಡ — ನನ್ನನ್ನೇ ನೋಡಿ. ಕೊಡ ಕಟ್ಟದೆ ನಾನು ಬಾವಿಗೆ ಹಗ್ಗ ಬಿಟ್ಟಿದ್ದೆನಂತೆ. ಬೀಸುತ್ತಲೇ ಅದನ್ನು ಹಾಡು ಕಟ್ಟಿದಿರಿ:

"ಮದರಾಸಿನಾಗ ಓದಿ ಬಂದಾನ ಮಗರಾಯ, ಬಾವೀಗೆ ಬಿಟ್ಟಾನ ಬರಿ ಹಗ್ಗ!"

ಅವ್ವ ಗೂಟ ಬಿಟ್ಟು ನಕ್ಕಳು. ಎರಡು ದಿನದಲ್ಲಿ ಓಣಿಯ ಹೆಂಗಸರೆಲ್ಲ ಆ ಹಾಡು ಕಲಿತರು.

ಶಿಬಿರದ ಜೋಳವನ್ನು ಗಿರಣಿಯಲ್ಲಿ ಹಿಟ್ಟು ಮಾಡಿಸುವ ಏರ್ಪಾಡು ಮಾಡಿದೆ. ಹೆಂಗಸರ ಶ್ರಮ ತಪ್ಪಿಸಿದೆನೆಂದು ಎಲ್ಲರೂ ಹೊಗಳಿದರು. ಆದರೂ ನೀವು ಬರಿಗೈಯಲ್ಲಿ ನಮ್ಮ ಮನೆಗೆ ಹೊರಟಿರಿ. "ಹಿಟ್ಟಿಗಲ್ಲೋ ತಮ್ಮಾ, ನಿಮ್ಮವ್ವ ಒಬ್ಬಾಕಿನ ಬೀಸ್ತಾಳ."

ಆಗ ಹೇಳಿದೆ: "ಶಿಬಿರದವರು ಮನಿಯೊಳಗ ಬರೋದು ಊರವರಿಗೆ ಬ್ಯಾಡಂತ್ರಿ. ನಮ್ಮವ್ವಗೂ."

ಹಾಡಿನ ಸಿಟ್ಟೇ? ಅವ್ವ ನನ್ನೊಡನೆ ಎಂದೂ ಹಾಗೆ ನಕ್ಕಿರಲಿಲ್ಲವೆಂದೇ? ಒಂದೊಂದು ದಿನ ಒಂದೊಂದು ಕಾರಣ ನಿಜವೆನಿಸುತ್ತದೆ. ಬರಿ ಹಗ್ಗ ಬಿಟ್ಟಿದ್ದೆನೋ ಇಲ್ಲವೋ ಎಂಬುದೇ ಅನುಮಾನ ನನಗೆ. ಆದರೆ ಆ "ನಮ್ಮವ್ವಗೂ" — ಅದನ್ನು ಹೇಳಿದ್ದರಲ್ಲಿ ಅನುಮಾನವಿಲ್ಲ.

"ಗಂಗವ್ವ ಯಾಕ ಬರವಲ್ಲಳೋ?" ಎಂದು ಅವ್ವ ಕೇಳಿದಳು.

"ಗಿರಣಿ ಹಿಟ್ಟು ಸಿಗತೈತಲ್ಲ, ಇನ್ನ್ಯಾಕ ಬರ್ತಾಳ?" ಅಂದೆ.

ನೀವು ಮತ್ತೆ ಗೋಡೆಗೆ ಮುಖ ಮಾಡಿ ಕೂತಿರಿ. ಗಿರಣಿಯ ಹಿಟ್ಟು ನಿಮ್ಮ ಪಕ್ಕದಲ್ಲೇ ಮುಗ್ಗುಹಿಡಿಯಿತು. ಒಂದು ಬೆಳಿಗ್ಗೆ ಗಂಟು ಕಟ್ಟಿಕೊಂಡು ಹೊಳೆಗೆ ಹೊರಟಿರಿ. ಆಚೆ ಗಲಭೆ ಇನ್ನೂ ನಿಂತಿರಲಿಲ್ಲ. ಓಡಿಬಂದು ದಂಡೆಯಲ್ಲಿ ತಡೆದೆ.

"ಬ್ಯಾಡಾದಾಕಿ ಯಾವ ದಂಡ್ಯಾಗಿದ್ರೇನೋ ತಮ್ಮಾ?" ಅಂದಿರಿ.

ಒಂದೇ ಮಾತು ಸಾಕಿತ್ತು — ಸುಳ್ಳು ಹೇಳೀನ್ರಿ, ಮನಿಗೆ ಬರ್ರಿ, ಎಂದು. ದಾರಿ ಬಿಟ್ಟು ಸರಿದು ನಿಂತೆ. ಹರಿಗೋಲು ತಿರುಗುತ್ತ ತಿರುಗುತ್ತ ಆಚೆ ದಡ ಸೇರಿತು. ಮುಂದೆ ನಿಮ್ಮ ಸುದ್ದಿ ಬರಲಿಲ್ಲ.

ಅವ್ವ ಕೈಲಾಗುವತನಕ ಒಬ್ಬಳೇ ಬೀಸಿದಳು, ಕಲ್ಲಿನ ಆಚೆ ಬದಿಯನ್ನು ಖಾಲಿ ಬಿಟ್ಟು. ನೀವು ಅವಳನ್ನು ಮರೆತಿರೆಂದೇ ತಿಳಿದು ಸತ್ತಳು. ಕೊನೆಯ ದಿನಗಳಲ್ಲಿ ಅವಳ ಪಕ್ಕದಲ್ಲೇ ಇದ್ದೆ. ಆಗಲೂ ಹೇಳಲಿಲ್ಲ.